ಮೇನ್ ಬೋರ್ಡಿನ ಹತ್ತಿರ ಪ್ರಸಾದ ಕೇಳಿದ್ದು

ಕರೆಂಟು ಕಣ್ಣಿಗೆ ಕಾಣುವುದಿಲ್ಲ, ಆದರೆ ಇದೆ. ಕೆಟ್ಟದಾಗಿ ನಡೆದುಕೊಂಡರೆ ಶಿಕ್ಷೆ ಕೊಡುತ್ತದೆ. ದೇವರ ಬಗ್ಗೆಯೂ ಹಿರಿಯರು ಇದನ್ನೇ ಹೇಳಿದ್ದಾರೆ. ಹೀಗಾಗಿ ನಮ್ಮ ಕಡೆಯ ಜನ ಇವೆರಡನ್ನೂ ಒಂದೇ ಗೂಡಿನಲ್ಲಿಟ್ಟು ಒಂದೇ ಊದಿನಕಡ್ಡಿಯಲ್ಲಿ ಮುಗಿಸಿಬಿಡುತ್ತಾರೆ. ಅವರು ಹಾಗೆ ಮಾಡುವವರೆಗೆ ಇಂಥ ಪ್ರಸಂಗಗಳಿಗೆ ಬರಗಾಲವಿಲ್ಲ.

ನಾನು ಇಂಜಿನಿಯರಿಂಗ್ ಓದಿ, ವಿದ್ಯುತ್ ಇಲಾಖೆ ಸೇರಿ, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಅಂತ ಗಾಣದೆತ್ತಿನ ಹಾಗೆ ಸುತ್ತಿ ನಿವೃತ್ತನಾದವನು. ಬೀಳ್ಕೊಡುವ ದಿನ ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಹಾಸನದ ಮನೆಗೆ ಬಿಟ್ಟುಹೋದರು. ಇನ್ನು ಕರೆಂಟಿನ ಸಹವಾಸ ಮುಗಿಯಿತು ಅಂದುಕೊಂಡು ಕುರ್ಚಿಗೆ ಒರಗಿದೆ. ಹಣ್ಣು ಮುಗಿಯುವ ಮೊದಲೇ ನೆಂಟರು ಶುರು ಮಾಡಿದರು. ಒಬ್ಬರ ಮನೆ ಫ್ಯಾನು ತಿರುಗುವುದಿಲ್ಲ, ಇನ್ನೊಬ್ಬರ ಮನೆ ಫ್ಯಾನು ನಿಲ್ಲುವುದಿಲ್ಲ. ಮನೆಯವಳು ಮುಖ ಗಂಟು ಹಾಕಿದಳು. ನನಗಂತೂ ಹೇಳಲಾರದಷ್ಟು ಸಂತೋಷವಾಯಿತು. ಮಾತಾಡಲು ಜನ ಸಿಕ್ಕರೆ ಯಾರಿಗೆ ಬೇಡ?

ಹೀಗೆ ಬಂದ ಕರೆಗಳಲ್ಲಿ ಒಂದು ಮಾತ್ರ ನನ್ನ ನಗು ನಿಲ್ಲಿಸಿತು. ಅದು ಹೊಳೆನರಸೀಪುರದಿಂದ, ನಮ್ಮ ಅಕ್ಕನದು.

೧. ಕೊಳಾಯಿ ಜುಮ್ಮೆಂದದ್ದು

"ಕೊಳಾಯಿ ಮುಟ್ಟಿದ್ರೆ ಕೈ ಜುಮ್ ಅಂತದೆ ಕಣೋ. ನಿಮ್ಮ ಭಾವ ನರದ ವೀಕ್ನೆಸ್ ಅಂತ ಡಾಕ್ಟ್ರ ತವ ಕರ್ಕೊಂಡೋಗಿದ್ರು. ಮಾತ್ರೆ ಕೊಟ್ಟವ್ರೆ" ಅಂದಳು.

ಮಾತ್ರೆಯಿಂದ ಗುಣವಾಯಿತೇ ಅಂತ ಕೇಳಿದೆ. ಒಂದು ದಿನ ಪೂರ್ತಿ ಗುಣವಾಗಿತ್ತಂತೆ. ಅವತ್ತು ಏನು ವಿಶೇಷ ಅಂದೆ. ವಿಶೇಷವೇನಿಲ್ಲ, ಅವತ್ತು ಲೈನ್ ರಿಪೇರಿ ಅಂತ ಬೆಳಗಿನಿಂದ ಸಂಜೆಯವರೆಗೂ ಊರಿಗೇ ಕರೆಂಟ್ ಇರಲಿಲ್ಲ, ಅಷ್ಟೆ ಅಂದಳು.

ನಾನು ಆ ದಿನವೇ ಬಸ್ಸು ಹತ್ತಿದೆ.

ಅಕ್ಕನ ಮನೆ ಪೇಟೆ ಬೀದಿಯಲ್ಲಿ. ಮುಂದೆ ದಿನಸಿ ಅಂಗಡಿ, ಹಿಂದೆ ಸಂಸಾರ. ಅಂಗಡಿಯಿಂದ ಒಳಗೆ ಹೋಗುವ ಹಾದಿಯಲ್ಲಿ ಎದೆಮಟ್ಟಕ್ಕೆ ಮೇನ್ ಬೋರ್ಡು. ಆ ಬೀದಿಗೆ ಕರೆಂಟ್ ಬಂದ ಹೊಸದರಲ್ಲಿ ಭಾವನ ತಂದೆ ಹಾಕಿಸಿದ್ದು. ಒಳ್ಳೆಯ ತೇಗದ ಹಲಗೆ. ಅದರ ಮೇಲೆ ಕಬ್ಬಿಣದ ಡಬ್ಬಿಯ ಮೇನ್ ಸ್ವಿಚ್ಚು, ಪಿಂಗಾಣಿಯ ಮೂರು ಫ್ಯೂಸು. ಇದೆಲ್ಲ ನಾನು ಊಹೆಯ ಮೇಲೆ ಹೇಳುತ್ತಿದ್ದೇನೆ. ಯಾಕೆಂದರೆ ಪ್ರತಿ ಆಯುಧಪೂಜೆಗೂ ಬಳಿದ ವಿಭೂತಿ, ಕುಂಕುಮ, ಗಂಧ ಪದರ ಪದರವಾಗಿ ಕೂತು, ಬೋರ್ಡಿಗೆ ಕವಚ ತೊಡಿಸಿದ ಹಾಗಾಗಿತ್ತು. ಕೆರೆದು ನೋಡಿದರೆ ಫ್ಯೂಸಿನೊಳಗೆ ಕೂದಲೆಳೆಯಷ್ಟು ಇರಬೇಕಾದ ತಂತಿಯ ಜಾಗದಲ್ಲಿ ಬೇಲಿ ಕಟ್ಟುವಂಥ ತಂತಿ. ಸೋರಿದ ಕರೆಂಟನ್ನು ಭೂಮಿಗೆ ಇಳಿಸಬೇಕಾದ ಅರ್ತ್ ವೈರು ಎಲ್ಲಿಗೆ ಹೋಗಿದೆ ಅಂತ ಹಿಡಿದುಕೊಂಡು ಹೋದೆ. ಅದು ಹೋಗಿ ಕ್ಯಾಲೆಂಡರ್ ನೇತುಹಾಕಿದ್ದ ಮೊಳೆಗೆ ಸುತ್ತಿಕೊಂಡಿತ್ತು.

"ಭಾವ, ಇದು ಭೂಮಿಗೆ ಹೋಗಬೇಕಾದ ವೈರು" ಅಂದೆ.

"ಮೊಳೆ ಗೋಡೇಲೈತೆ. ಗೋಡೆ ಭೂಮಿ ಮ್ಯಾಲೆ ತಾನೆ ನಿಂತಿರೋದು?" ಅಂದರು.

ಬಚ್ಚಲಿನ ಗೀಸರು ಸೋರುತ್ತಿದೆ, ಆ ಸೋರಿಕೆ ನೀರಿನ ಪೈಪು ಹಿಡಿದು ಕೊಳಾಯಿಗೆ ಬರುತ್ತಿದೆ, ಬೋರ್ಡು ಹಳೆಯದಾದ್ದರಿಂದ ಅದಕ್ಕೆ ಇದು ತಿಳಿಯುವುದೇ ಇಲ್ಲ ಅಂತ ಬಿಡಿಸಿ ಹೇಳಿದೆ. ಗೀಸರ್ ಆಫ್ ಮಾಡಿ ಅಕ್ಕನ ಕೈಯಲ್ಲಿ ಕೊಳಾಯಿ ಮುಟ್ಟಿಸಿದೆ. ಜುಮ್ಮೆನ್ನಲಿಲ್ಲ. ಭಾವ ಗಂಭೀರವಾಗಿ ತಲೆದೂಗಿದರು. ಅರ್ಥವಾಯಿತಲ್ಲ ಅಂತ ನನಗೆ ಸಮಾಧಾನ.

"ಅಂಗಾದ್ರೆ ನಿಮ್ಮಕ್ಕನಿಗೆ ಬಿಸ್ನೀರು ಆಗಲ್ಲ ಅಂತಾಯ್ತು" ಅಂದರು.

೨. ಪಾಲಾದ ಮನೆ, ಪಾಲಾಗದ ವೈರು

ಬೋರ್ಡು ಬದಲಾಯಿಸುವವರೆಗೆ ಗೀಸರ್ ಆಫ್ ಮಾಡಿಯೇ ಕೊಳಾಯಿ ಮುಟ್ಟಬೇಕು ಅಂತ ಅಕ್ಕನಿಗೂ ಅವಳ ಸೊಸೆಗೂ ತಾಕೀತು ಮಾಡಿ ಬಂದೆ. ಆದರೆ ಮರೆವು ಯಾರಪ್ಪನ ಮನೆಯದು? ಒಂದು ದಿನ ಮರೆತರೆ ಸಾಕು. ಬೋರ್ಡು ಬದಲಾಗಲೇಬೇಕು. ಮನೆ ಭಾವನದು, ನಾನು ಹೆಣ್ಣು ಕೊಟ್ಟ ಕಡೆಯವನು. ಜೋರು ಮಾಡುವ ಹಾಗಿಲ್ಲ. ಹೀಗಾಗಿ ವಾರಕ್ಕೊಮ್ಮೆ ಹೋಗಿ ಅಕ್ಕಿ ಮೂಟೆಯ ಮೇಲೆ ಕೂತು, ನನ್ನ ಸರ್ವೀಸಿನ ಕತೆಗಳನ್ನು ಹೇಳಿ ಹೆದರಿಸುವುದು ಅಂತ ತೀರ್ಮಾನಿಸಿದೆ.

ಮೊದಲು ಹೇಳಿದ್ದು ಹಾಸನದ ಅಣ್ಣತಮ್ಮಂದಿರ ಕತೆ. ಹಳೆಯ ದೊಡ್ಡ ಮನೆ. ಇಬ್ಬರಿಗೂ ಮಾತು ಬಿಟ್ಟಿತು, ಪಂಚಾಯ್ತಿದಾರರು ಬಂದು ಪಾಲು ಮಾಡಿದರು. ತೆಂಗಿನ ಮರ ಹಂಚಿದರು, ಹಿತ್ತಲು ಹಂಚಿದರು, ಒರಳುಕಲ್ಲು ಒಬ್ಬನಿಗೆ, ಗುಂಡುಕಲ್ಲು ಇನ್ನೊಬ್ಬನಿಗೆ ಅನ್ನುವಷ್ಟು ನ್ಯಾಯವಾಗಿ ಹಂಚಿದರು. ನಡುಮನೆಗೆ ಅಡ್ಡ ಗೋಡೆ ಎದ್ದಿತು. ವೈರಿನ ಯೋಚನೆ ಮಾತ್ರ ಒಬ್ಬನಿಗೂ ಬರಲಿಲ್ಲ. ಅಣ್ಣನ ಮಲಗುವ ಕೋಣೆಯ ದೀಪದ ಸ್ವಿಚ್ಚು ತಮ್ಮನ ಅಡುಗೆಮನೆಯಲ್ಲಿ ಉಳಿಯಿತು. ತಮ್ಮನ ನೀರಿನ ಮೋಟರು ಅಣ್ಣನ ಪಾಲಿಗೆ ಬಂದ ಬೋರ್ಡಿನಲ್ಲಿ ಉಳಿಯಿತು.

ಮಾತಿಲ್ಲ, ಕತೆಯಿಲ್ಲ. ಹಾಗಾದರೆ ದೀಪ ಆರಿಸುವುದು ಹೇಗೆ? ಮಲಗುವ ಹೊತ್ತಿಗೆ ಅಣ್ಣ ಗೋಡೆಯ ಹತ್ತಿರ ಬಂದು ಕೆಮ್ಮುತ್ತಿದ್ದ. ತಮ್ಮ ಎದ್ದು ಸ್ವಿಚ್ಚು ಆರಿಸುತ್ತಿದ್ದ. ತಮ್ಮನಿಗೆ ನೀರು ಬೇಕಾದರೆ ಬಿಂದಿಗೆ ತಟ್ಟುತ್ತಿದ್ದ. ಅಣ್ಣ ಮೋಟರ್ ಹಾಕುತ್ತಿದ್ದ. ನಿಜವಾಗಿ ಕೆಮ್ಮು ಬಂದ ದಿನ ಅಣ್ಣನ ಕೋಣೆಯ ದೀಪ ಹತ್ತುವುದು ಆರುವುದು ನೋಡಿ ಬೀದಿಯವರಿಗೆ ಅಲ್ಲೇನೋ ಶುಭಕಾರ್ಯ ಅನ್ನಿಸುತ್ತಿತ್ತು.

ನಾವು ತಪಾಸಣೆಗೆ ಹೋದಾಗ, ಯಾವ ಫ್ಯೂಸು ಕಿತ್ತರೆ ಯಾವ ಗೋಡೆಯಲ್ಲಿ ಕರೆಂಟ್ ಸಾಯುತ್ತದೆ ಅನ್ನುವುದು ನನಗೇ ತಿಳಿಯಲಿಲ್ಲ. ನಮ್ಮ ಲೈನ್‌ಮನ್ ಅಣ್ಣನ ಕಡೆ ಫ್ಯೂಸು ಕಿತ್ತು ಧೈರ್ಯವಾಗಿ ಕೈ ಇಟ್ಟವನು ಎಗರಿ ಬಾಗಿಲ ಹತ್ತಿರ ಕೂತ. ಎರಡು ಬೋರ್ಡು ಬೇರೆ ಬೇರೆ ಆಗಲೇಬೇಕು ಅಂತ ಆರ್ಡರ್ ಮಾಡಿದೆ. ಮಾರನೆಯ ದಿನ ಅಣ್ಣ ಆಫೀಸಿಗೆ ಬಂದ. "ಬ್ಯಾರೆ ಮಾಡ್ಬೇಡಿ ಸಾ. ಅವನ ಕುಟೆ ದಿನಾ ಕೆಮ್ಮಕ್ಕಾದ್ರೂ ಒಂದು ನೆಪ ಐತೆ" ಅಂದ. ಅವನು ಹೋದ ಮೇಲೆ ತಮ್ಮ ಬಂದ. ಅವನೂ ಅದನ್ನೇ ಹೇಳಿದ.

ನಿಯಮ ನಿಯಮವೇ. ಬೇರೆ ಮಾಡಿಸಿದೆ. ಆಮೇಲೆ ಅವರೇ ಗೋಡೆಯಲ್ಲಿ ಒಂದು ಕಿಂಡಿ ತೆಗೆಸಿಕೊಂಡರಂತೆ.

ಲೈನ್‌ಮನ್ ಎಗರಿ ಬಿದ್ದ ಭಾಗವನ್ನು ನಾನು ಭಾವನಿಗೆ ಅಭಿನಯ ಮಾಡಿಯೇ ತೋರಿಸಿದ್ದೆ. ಎಲ್ಲ ಕೇಳಿ ಅವರು ಕಣ್ಣೊರೆಸಿಕೊಂಡರು.

"ನೋಡಿದ್ಯೇನಯ್ಯಾ, ಹಳೇ ವೈರಿಂಗು. ಮನೆ ಒಡೆದ್ರೂ ಮನಸ್ಸು ಒಡೆಯಕ್ಕೆ ಬಿಡ್ಲಿಲ್ಲ."

೩. ಬಿಸಿ ಬರುತ್ತಿಲ್ಲ

ಮುಂದಿನ ವಾರ ಚನ್ನರಾಯಪಟ್ಟಣದ ಲಾಡ್ಜಿನ ಕತೆ ಹೇಳಿದೆ. ಶ್ರವಣಬೆಳಗೊಳಕ್ಕೆ ಹೋಗುವ ಯಾತ್ರಿಕರು ಇಳಿದುಕೊಳ್ಳುವ ಹಳೆಯ ಕಟ್ಟಡ. ಕೆಳಗೆ ಮೆಸ್ಸು. ಮೆಟ್ಟಿಲ ಕೆಳಗೆ ಬೀರುವಿನಷ್ಟು ದೊಡ್ಡ ಕಬ್ಬಿಣದ ಪ್ಯಾನೆಲ್ಲು. ಒಂದು ಸಲ ತಪಾಸಣೆಗೆ ಹೋದರೆ, ಪ್ಯಾನೆಲ್ಲಿನ ನೆತ್ತಿಯ ಮೇಲೆ ಮೊರದ ತುಂಬ ಹಪ್ಪಳ. ಪಕ್ಕದಲ್ಲಿ ಮ್ಯಾನೇಜರ ಒದ್ದೆ ಬನಿಯನ್ನು. ಕೆಳಗೆ ಬೆನ್ನು ಆನಿಸಿಕೊಂಡು ಒಂದು ದಪ್ಪ ಬೆಕ್ಕು.

ಕೈಯಿಟ್ಟು ನೋಡಿದೆ. ದೋಸೆ ಹೆಂಚು ಕಾಯುತ್ತಾ ಬಂದ ಹಾಗೆ ಬೆಚ್ಚಗಿತ್ತು. ಒಳಗೆ ಎಲ್ಲೋ ಜಾಯಿಂಟು ಸಡಿಲವಾಗಿದೆ, ಒಂದು ದಿನ ಹತ್ತಿಕೊಳ್ಳುತ್ತದೆ, ಮೇಲೆ ಜನ ಮಲಗಿರುತ್ತಾರೆ ಅಂತ ಮ್ಯಾನೇಜರಿಗೆ ಹೇಳಿದೆ. ಆತ ಮಳೆಗಾಲದಲ್ಲೂ ಹಪ್ಪಳ ಒಣಗುವ ಲಾಡ್ಜು ತಾಲ್ಲೂಕಿಗೇ ಇದೊಂದೇ ಅಂತ ಹೆಮ್ಮೆಪಟ್ಟ. ಲೈಸೆನ್ಸಿನ ಮಾತೆತ್ತಿದ ಮೇಲೆ ಒಪ್ಪಿದ. ಮೇಸ್ತ್ರಿ ಬಂದು ಒಳಗೆ ಕರಕಲಾಗಿದ್ದ ತುಂಡೆಲ್ಲ ಕಿತ್ತು ಹೊಸದು ಜೋಡಿಸಿದ.

ಕೆಲವು ದಿನ ಬಿಟ್ಟು ಮ್ಯಾನೇಜರು ಮೆಸ್ಸಿನ ಅಡುಗೆ ಭಟ್ಟರನ್ನೂ ಜೊತೆಗೆ ಕರೆದುಕೊಂಡು ನಮ್ಮ ಆಫೀಸಿಗೆ ಬಂದ. ರಿಪೇರಿ ಸರಿಯಾಗಿ ಆಗಿಲ್ಲ ಅಂತ ದೂರು. ಏನಾಗಿದೆ ಅಂದೆ. "ಬಿಸೀನೇ ಬತ್ತಿಲ್ಲ ಸಾ. ಬೆಕ್ಕು ಎದುರು ಓಟ್ಲಿಗೆ ಓಗ್ಬುಡ್ತು" ಅಂದ.

ಭಾವ ಈ ಕತೆಗೆ ಮನಸಾರೆ ನಕ್ಕರು. ನಕ್ಕವರೇ ಎದ್ದು ಹೋಗಿ ತಮ್ಮ ಬೋರ್ಡಿನ ಮೇಲೆ ಕೈಯಿಟ್ಟು ನೋಡಿದರು. ಕೈ ತೆಗೆಯಲಿಲ್ಲ, ಯೋಚನೆ ಮಾಡುತ್ತಾ ನಿಂತರು. ಔಷಧಿ ನಾಟಿತು ಅಂದುಕೊಂಡು ಹಿಗ್ಗುತ್ತಾ ಹಾಸನಕ್ಕೆ ಬಂದೆ.

ಮತ್ತೆ ಹೋದಾಗ ಬೋರ್ಡಿನ ತಲೆಯ ಮೇಲೆ ಹಲಗೆ ಬಡಿದು, ಅದರ ಮೇಲೆ ಸಂಡಿಗೆ ಹರಡಿದ್ದರು.

೪. ಗಟ್ಟಿ ಫ್ಯೂಸು

ಇನ್ನು ನಯವಾದ ಕತೆಗಳು ನಡೆಯುವುದಿಲ್ಲ ಅಂತ ಬೆಂಕಿಯ ಕತೆಯನ್ನೇ ತೆಗೆದೆ. ಇದು ಅರಕಲಗೂಡಿನದು. ಸಾಲು ಅಂಗಡಿಗಳ ಹಳೆಯ ಕಟ್ಟಡದಲ್ಲಿ ಒಬ್ಬ ಸೈಕಲ್ ಶಾಪಿನವನಿದ್ದ. ಅವನ ಅಂಗಡಿಯಲ್ಲಿ ಗಾಳಿ ಹೊಡೆಯುವ ಕಂಪ್ರೆಸರ್ ಹಾಕಿದ ಕೂಡಲೆ ಫ್ಯೂಸು ಹೋಗುತ್ತಿತ್ತು. ನಮ್ಮ ಆಫೀಸಿಗೆ ದಿನವೂ ಫೋನು. ಒಂದು ದಿನ ಇದ್ದಕ್ಕಿದ್ದ ಹಾಗೆ ಫೋನು ನಿಂತಿತು. ಕೆಲಸದ ತೊಂದರೆ ತಪ್ಪಿತಲ್ಲ ಅಂತ ಎಲ್ಲರೂ ಖುಷಿಯಾದರು. ನಾನು ಮಾತ್ರ ಅವನ ಅಂಗಡಿಯ ಕಡೆ ಹೊರಟೆ. ಗಲಾಟೆ ಮಾಡುವ ಫ್ಯೂಸು ಸುಮ್ಮನಾಯಿತು ಅಂದರೆ ಯಾರೋ ಅದರ ಬಾಯಿ ಕಟ್ಟಿದ್ದಾರೆ ಅಂತ.

ಹಾಗೇ ಆಗಿತ್ತು. ಫ್ಯೂಸಿನಲ್ಲಿ ತಂತಿಯ ಬದಲು ಸೈಕಲ್ ಚಕ್ರದ ಕಡ್ಡಿ ಕತ್ತರಿಸಿ ಹಾಕಿದ್ದ. ಫ್ಯೂಸಿನ ತಂತಿ ಸಾಯುವುದಕ್ಕೇ ಹುಟ್ಟಿದ್ದು, ಅದು ಸತ್ತರೆ ಮನೆ ಉಳಿಯುತ್ತದೆ ಅಂತ ಉಪದೇಶ ಮಾಡಿ, ಕಡ್ಡಿ ಕೀಳಿಸಿ ಬಂದೆ. ನಾನು ಬೀದಿಯ ತಿರುವು ದಾಟುವ ಮೊದಲೇ ಅವನು ಮತ್ತೆ ಹಾಕಿಕೊಂಡಿದ್ದ. ಅವನ ಹತ್ತಿರ ಕಡ್ಡಿಗೇನು ಬರ?

ಒಂದು ಮಧ್ಯಾಹ್ನ ಸುದ್ದಿ ಬಂತು. ಕಡ್ಡಿ ಸಾಯುವುದಿಲ್ಲವಲ್ಲ, ಅದರ ಬದಲು ಗೋಡೆಯೊಳಗಿನ ವೈರು ಸತ್ತಿತ್ತು. ಸಾಯುವಾಗ ಅಟ್ಟದ ಮೇಲಿನ ಟೈರುಗಳನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಪುಣ್ಯಕ್ಕೆ ಎಲ್ಲರೂ ಬೀದಿಯಲ್ಲಿದ್ದರು, ಯಾರಿಗೂ ಏನೂ ಆಗಲಿಲ್ಲ. ನಾನು ಹೋದಾಗ ಮಸಿ ಬಳಿದ ಗೋಡೆಗಳ ನಡುವೆ ಮಸಿ ಬಳಿದ ಮುಖದಲ್ಲಿ ಅವನು ನಿಂತಿದ್ದ. ಅಳುತ್ತಾನೇನೋ ಅಂತ ಹೆಗಲ ಮೇಲೆ ಕೈ ಹಾಕಿದೆ. ಅವನು ನನ್ನ ಕೈ ಹಿಡಿದು ಬೋರ್ಡಿನ ಹತ್ತಿರ ಕರೆದುಕೊಂಡು ಹೋದ.

"ಅಂಗ್ಡಿ ಓದ್ರೆ ಓಯ್ತು ಸಾ. ಫ್ಯೂಸ್ ನೋಡಿ, ಅಲ್ಲಾಡಿಲ್ಲ" ಅಂದ.

ಇಷ್ಟು ಹೇಳಿ ನಾನು ಭಾವನ ಮುಖ ನೋಡಿದೆ. ಅವರ ಮುಖದಲ್ಲಿ ನಿಜವಾಗಿಯೂ ಚಿಂತೆ ಕಾಣಿಸಿತು. ಆ ಕಡ್ಡಿ ಎಲ್ಲಿ ಸಿಗುತ್ತದೆ ಅಂತ ಕೇಳಿದರು.

೫. ಮುನಿಸಿಕೊಳ್ಳುವ ಬೋರ್ಡು

ಕತೆಯಿಂದ ಕೆಲಸ ಆಗುವುದಿಲ್ಲ, ಕಣ್ಣಾರೆ ತೋರಿಸೋಣ ಅಂತ ಭಾವ, ಅಕ್ಕ ಇಬ್ಬರನ್ನೂ ಹಾಸನದ ನಮ್ಮ ಮನೆಗೆ ಊಟಕ್ಕೆ ಕರೆದೆ. ಸುಡು ಬೇಸಿಗೆ. ನಮ್ಮ ಮನೆಯ ಬೋರ್ಡು ಹೊಸದು. ಎಲ್ಲಾದರೂ ಒಂದಿಷ್ಟು ಕರೆಂಟು ಸೋರಿದರೆ ಕಣ್ಣು ಮಿಟುಕಿಸುವುದರೊಳಗೆ ತಾನೇ ಬಿದ್ದು ಕರೆಂಟ್ ಕಡಿಯುತ್ತದೆ. ಅದರ ಗುಣಗಾನ ಮಾಡುತ್ತಾ ಊಟಕ್ಕೆ ಕೂರಿಸಿದೆ. ಭಾವ ಒಬ್ಬಟ್ಟಿಗೆ ಕೈ ಹಾಕಿದರು. ಅದೇ ಗಳಿಗೆಗೆ ಅಡುಗೆಮನೆಯಲ್ಲಿ ಮನೆಯವಳು ಮಿಕ್ಸಿಯ ಮೇಲೆ ನೀರು ಚೆಲ್ಲಿಕೊಂಡಳು. ಟಪ್ ಅಂತ ಬೋರ್ಡು ಬಿತ್ತು. ಫ್ಯಾನು ನಿಂತಿತು. ಭಾವನ ಹಣೆಯ ವಿಭೂತಿ ಬೆವರಿನಲ್ಲಿ ಕರಗಿ ಮೂಗಿನ ಮೇಲೆ ಇಳಿಯಿತು.

ನಾನು ಎದ್ದು ಮಿಕ್ಸಿ ಬಿಡಿಸಿ ಬೋರ್ಡಿನ ಸ್ವಿಚ್ಚು ಎತ್ತಿ ಬಂದೆ. ಭಾವ ನಿಧಾನವಾಗಿ ಹೇಳಿದರು.

"ನಿಂದು ಓದಿದ ಬೋರ್ಡು ಕಣಯ್ಯಾ. ಮಾತುಮಾತ್ಗೂ ಮುನಿಸ್ಕತದೆ. ನಮ್ದು ಹಳೇ ಕಾಲದ್ದು. ಏನು ಕೊಟ್ರೂ ತಿನ್ಕಂಡು ಸುಮ್ಕಿರ್ತದೆ."

ಇಷ್ಟು ದಿನ ಸುಮ್ಮನೆ ಕೇಳುತ್ತಿದ್ದ ಅಕ್ಕ ಆಗ ಬಾಯಿ ಬಿಟ್ಟಳು. ಇಲ್ಲಿ ನೀರು ಬಿದ್ದ ಕೂಡಲೆ ಬೋರ್ಡು ಬಿತ್ತಲ್ಲ, ಅಲ್ಲಿ ನನ್ನ ಕೈ ಜುಮ್ಮೆಂದಾಗ ಅದು ಯಾಕೆ ಬೀಳುವುದಿಲ್ಲ ಅಂತ ಕೇಳಿದಳು. ಅದಕ್ಕೆ ಬೀಳುವ ವಿದ್ಯೆಯೇ ಗೊತ್ತಿಲ್ಲ ಅಂದೆ.

"ಅಂಗಾದ್ರೆ ನಾನು ಬೀಳೋಗಂಟ ಅದು ನಿಂತೇ ಇರ್ತದೆ ಅನ್ನು" ಅಂದಳು.

ಭಾವ ಬಾಯಿಗಿಟ್ಟ ಒಬ್ಬಟ್ಟು ಅಗಿಯುವುದು ನಿಲ್ಲಿಸಿದರು. ಕೈ ತೊಳೆದು ಬಂದು, ಎಲೆಯಡಿಕೆ ಹಾಕಿಕೊಂಡು ಭಾವ ಹೇಳಿದ್ದು ಇಷ್ಟು: "ಬದಲಾಯ್ಸಾಣ. ಆದ್ರೆ ಅಪ್ಪ ಹಾಕ್ಸಿದ್ದು. ಇಷ್ಟು ವರ್ಷ ಪೂಜೆ ಮಾಡಿವಿ. ಏಳು ಅಂದ್ರೆ ಎದ್ದೋಗಕ್ಕೆ ಅದೇನು ಬಾಡಿಗೇವ್ನಾ? ಒಂದು ಮಾತು ಕೇಳ್ಬೇಕು."

ಯಾರನ್ನು ಅಂದೆ.

"ಬೋರ್ಡ್ನೇ" ಅಂದರು.

೬. ಬಲಗಡೆ

ನಮ್ಮ ಕಡೆ ಮದುವೆ ಮಾತುಕತೆ ಇರಲಿ, ಬಾವಿ ತೋಡುವುದಿರಲಿ, ದೇವರ ಹತ್ತಿರ ಪ್ರಸಾದ ಕೇಳುವ ರೂಢಿ. ಮೂರ್ತಿಗೆ ಗಂಧ ಮೆತ್ತಿ ಅದರ ಮೇಲೆ ಹೂ ಅಂಟಿಸಿ ಕೈಮುಗಿದು ಕೂರುವುದು. ಬಲಗಡೆ ಹೂ ಮೊದಲು ಬಿದ್ದರೆ ಅಪ್ಪಣೆ, ಎಡಗಡೆ ಬಿದ್ದರೆ ಇಲ್ಲ. ಮೇನ್ ಬೋರ್ಡಿನ ಹತ್ತಿರ ಪ್ರಸಾದ ಕೇಳಿದ್ದನ್ನು ಮಾತ್ರ ನನ್ನ ಸರ್ವೀಸಿನಲ್ಲಿ ನಾನು ಕಂಡಿರಲಿಲ್ಲ.

ಸೋಮವಾರ ಬೆಳಿಗ್ಗೆ ಹೋದೆ. ಮೊದಲ ತಕರಾರು ನನ್ನದು. ಹಸಿ ಗಂಧ, ಫ್ಯೂಸು, ಇದರ ಮುಂದೆ ಬರಿಗಾಲಿನಲ್ಲಿ ನಿಲ್ಲಬಾರದು, ರಬ್ಬರ್ ಚಪ್ಪಲಿ ಹಾಕಿಕೊಳ್ಳಿ ಅಂದೆ. ದೇವರ ಮುಂದೆ ಚಪ್ಪಲಿಯೇ ಅಂತ ಭಾವ ಹೌಹಾರಿದರು. ಕೊನೆಗೆ ಅಕ್ಕ ಒಂದು ಮರದ ಮಣೆ ತಂದು ಹಾಕಿದಳು. ಶಾಸ್ತ್ರಕ್ಕೂ ಆಯಿತು, ಇಂಜಿನಿಯರಿಂಗಿಗೂ ಆಯಿತು. ಎರಡನೆಯದು ಮೇನ್ ಆಫ್ ಮಾಡುವ ವಿಚಾರ. ಆಫ್ ಮಾಡಿಯೇ ಕೇಳಿ ಅಂದರೆ ಭಾವ ಒಪ್ಪಲಿಲ್ಲ. ನಿದ್ದೆ ಮಾಡುವವರನ್ನು ಪ್ರಶ್ನೆ ಕೇಳುತ್ತಾರೆಯೇ ಅಂದರು. ಗಂಧ ಮೆತ್ತುವಾಗ ಆಫ್, ಕೇಳುವಾಗ ಆನ್ ಅಂತ ರಾಜಿಯಾಯಿತು.

ಮೂರು ಫ್ಯೂಸಿಗೂ ಒಂದೊಂದು ಕಣಗಿಲೆ ಹೂ ಅಂಟಿಸಿದರು. ನಮಗೆ ಎದುರಾಗಿ ನೋಡಿದರೆ ಎಡಗಡೆಯದು ಅಡುಗೆಮನೆಯ ಫ್ಯೂಸು, ನಡುವಿನದು ಅಂಗಡಿಯದು, ಬಲಗಡೆಯದು ಬಚ್ಚಲಿನ ಗೀಸರಿನದು. ನಾನು ಒಳಗೊಳಗೇ ನಗುತ್ತಿದ್ದೆ. ಗಂಧ ಒಣಗಿದರೆ ಹೂ ಬೀಳುತ್ತದೆ, ಎಲ್ಲಿ ಬಿಸಿಯೋ ಅಲ್ಲಿ ಗಂಧ ಮೊದಲು ಒಣಗುತ್ತದೆ. ಇದಕ್ಕೆ ದೇವರು ಯಾಕೆ, ಇಂಜಿನಿಯರ್ ಸಾಕು. ಅಕ್ಕನ ಸೊಸೆಗೆ ಮೊದಲೇ ಗುಟ್ಟಾಗಿ ಹೇಳಿಟ್ಟಿದ್ದೆ: ನಾನು ಸನ್ನೆ ಮಾಡಿದ ಕೂಡಲೆ ಗೀಸರ್ ಹಾಕು, ಹಾಕಿದ ಮೇಲೆ ಯಾರನ್ನೂ ಬಚ್ಚಲ ಕಡೆ, ಕೊಳಾಯಿ ಕಡೆ ಬಿಡಬೇಡ. ಅವಳೂ ಚುರುಕು. ಸನ್ನೆ ಮಾಡಿದೆ, ಹಾಕಿದಳು, ಬಂದು ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಏನೂ ಗೊತ್ತಿಲ್ಲದವಳ ಹಾಗೆ ಕೂತಳು.

ಭಾವ ಮಣೆಯ ಮೇಲೆ ಕೈಮುಗಿದು ನಿಂತರು. ನಾನೂ ನಿಂತೆ. ಗಿರಾಕಿಗಳು ಬಂದರೆ ಸೊಸೆ "ಮಾವ ಪ್ರಸಾದ ಕೇಳ್ತಾವ್ರೆ" ಅಂತ ಮೆಲ್ಲಗೆ ಹೇಳುತ್ತಿದ್ದಳು. ತೊಗರಿಬೇಳೆಗೆ ಬಂದ ಒಬ್ಬರು ಹಿರಿಯರು, ಯಾವ ದೇವರು ಏನು ಕತೆ ಅಂತ ಒಂದೂ ಕೇಳದೆ, ಚೀಲ ಕೆಳಗಿಟ್ಟು ನಮ್ಮ ಹಿಂದೆ ಕೈಮುಗಿದು ನಿಂತುಬಿಟ್ಟರು. ಬೋರ್ಡು ಜುಯ್ ಅನ್ನುತ್ತಿತ್ತು. ಮೇಲಿನ ಸಂಡಿಗೆ ಒಣಗುತ್ತಿತ್ತು.

ಸ್ವಲ್ಪ ಹೊತ್ತಿಗೆ ಬಲಗಡೆಯ ಹೂ ಅಲುಗಿತು, ಜಾರಿತು, ಬಿತ್ತು. ನಾನು ಹಿಗ್ಗಿ, "ಬಲಗಡೆ ಭಾವ, ಬಲಗಡೆ" ಅಂದೆ.

ಭಾವ ಅಲ್ಲಾಡಲಿಲ್ಲ. "ನಮ್ಮ ಬಲ ಅಲ್ಲ ಕಣಯ್ಯಾ, ದೇವ್ರ ಬಲ ನೋಡ್ಬೇಕು. ಅದು ನಮ್ಮ ಕಡೆ ಮುಖ ಮಾಡಿ ನಿಂತೈತೆ. ನಮ್ಮ ಬಲ ಅಂದ್ರೆ ಅದರ ಎಡ. ಬ್ಯಾಡ ಅಂತು" ಅಂದರು. ತೊಗರಿಬೇಳೆಯವರು ಹೌದು ಅಂತ ತಲೆಯಾಡಿಸಿದರು.

ನಾನು ಕಕ್ಕಾಬಿಕ್ಕಿ. ನನ್ನ ಎಡಗೈ ಬಲಗೈ ಎರಡನ್ನೂ ಎತ್ತಿ, ಬೋರ್ಡಿನ ಹಾಗೆ ತಿರುಗಿ ನಿಂತು ಲೆಕ್ಕ ಹಾಕಿದೆ. ಅವರು ಹೇಳಿದ್ದೇ ಸರಿ. ಬೋರ್ಡಿಗೆ ಮುಖ ಯಾವ ಕಡೆ ಅನ್ನುವುದನ್ನು ನಮಗೆ ಕಾಲೇಜಿನಲ್ಲಿ ಕಲಿಸಿರಲಿಲ್ಲ. ಆದರೂ ಬಿಡದೆ, ಹೆತ್ತವರು ಒಂದು ಸಲ ಬೇಡ ಅಂದರೆ ಮಕ್ಕಳು ಇನ್ನೊಂದು ಸಲ ಕೇಳುವುದಿಲ್ಲವೇ ಅಂದೆ. ಆ ಮಾತು ಭಾವನಿಗೆ ಹಿಡಿಸಿತು. ಮೇನ್ ಆಫ್ ಮಾಡಿ, ಹೊಸ ಗಂಧ ಮೆತ್ತಿ, ಹೊಸ ಹೂ ಅಂಟಿಸಿ, ಮತ್ತೆ ಆನ್ ಮಾಡಿದರು. ಸದ್ಯ ಸೊಸೆ ಜಾಣೆ, ಅಷ್ಟರಲ್ಲಿ ಗೀಸರ್ ಆರಿಸಿ ಬಂದಿದ್ದಳು. ಆದರೆ ಎಡಗಡೆ ಬಿಸಿ ಮಾಡುವುದು ಹೇಗೆ? ಅದು ಅಡುಗೆಮನೆಯದು. ನಾನು ಒಳಗೆ ಹೋದರೆ ಭಾವನಿಗೆ ಅನುಮಾನ. ಈ ಸಲ ನಾನು ಕೈಮುಗಿದದ್ದು ನಾಟಕಕ್ಕಲ್ಲ.

ಆಗ ಒಳಗಿನಿಂದ ಗ್ರೈಂಡರಿನ ಗರಗರ ಶುರುವಾಯಿತು. ಅದರ ಹಿಂದೆಯೇ ಮಿಕ್ಸಿ ಅರಚಿತು. ಆಮೇಲೆ ಕರೆಂಟ್ ಒಲೆಯ ಮೇಲೆ ಪಾತ್ರೆ ಇಟ್ಟ ಸದ್ದು.

"ತಿಂಡಿ ಆಯ್ತು. ಇವ್ಳು ಈಗ ಏನು ರುಬ್ತಾವ್ಳೆ?" ಅಂತ ಭಾವ ಕಣ್ಣುಮುಚ್ಚಿಕೊಂಡೇ ಗೊಣಗಿದರು.

ಬೋರ್ಡಿನ ಜುಯ್ ಅನ್ನುವ ಸದ್ದು ದುಂಬಿಯ ಸದ್ದಾಯಿತು. ಎಡಗಡೆಯ ಹೂ ನಡುಗತೊಡಗಿತು. ಗಂಧ ಬಿರುಕು ಬಿಟ್ಟಿತು. ಹೂ ಬಿತ್ತು. ಬೋರ್ಡಿಗೆ ಬಲಗಡೆ, ಅಚ್ಚುಕಟ್ಟಾಗಿ, ಪ್ರಸಾದ. ಹೂವಿನ ಹಿಂದೆಯೇ ಪಟ್ ಅಂತ ಪಿಂಗಾಣಿ ಸಿಡಿದು ಫ್ಯೂಸೇ ಕಿತ್ತುಕೊಂಡು ಹೂವಿನ ಪಕ್ಕದಲ್ಲಿ ಬಿತ್ತು. ತೇಗದ ಹಲಗೆಯಿಂದ ಒಂದೆಳೆ ಹೊಗೆ ಎದ್ದಿತು. ನಾನು ಹಾರಿ ಮೇನ್ ಸ್ವಿಚ್ಚಿನ ಹಿಡಿ ಕೆಳಗೆಳೆದೆ. ಎಲ್ಲ ಸದ್ದೂ ಒಮ್ಮೆಲೇ ನಿಂತಿತು.

ತೊಗರಿಬೇಳೆಯವರು ಅಡ್ಡಬಿದ್ದರು. ಭಾವನ ಕಣ್ಣಲ್ಲಿ ನೀರು. "ಅಪ್ಪ ಒಪ್ಪಿದ ಕಣಯ್ಯಾ. ಊವೂ ಕೊಟ್ಟ, ಫ್ಯೂಸೂ ಕೊಟ್ಟ" ಅಂದರು.

ಒಳಗಿನಿಂದ ಅಕ್ಕನ ದನಿ ಬಂತು.

"ಬಿತ್ತೇನ್ರೀ? ಇಸ್ತ್ರಿಪೆಟ್ಗೆ ಇನ್ನೂ ಆಕಿರ್ಲೇ ಇಲ್ಲ."

ಭಾವ ಅದನ್ನು ಕೇಳಿಸಿಕೊಂಡರೋ, ಕೇಳಿಸಿಕೊಂಡೂ ಕೇಳಿಸದವರ ಹಾಗೆ ಇದ್ದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆ ವಾರವೇ ಹೊಸ ಬೋರ್ಡು ಬಂತು. ಹಿತ್ತಲಿನಲ್ಲಿ ಗುಂಡಿ ತೋಡಿ, ಅರ್ತ್ ವೈರನ್ನು ಕ್ಯಾಲೆಂಡರಿನ ಮೊಳೆಯಿಂದ ಬಿಡಿಸಿ ನಿಜವಾದ ಭೂಮಿಗೆ ಇಳಿಸಿದೆ. ಗೀಸರನ್ನೂ ಬದಲಾಯಿಸಿದೆ. ಹಳೆಯ ಬೋರ್ಡು ಈಗ ದೇವರ ಕೋಣೆಯಲ್ಲಿದೆ, ವೈರಿಲ್ಲದೆ, ವಿಭೂತಿ ಸಮೇತ.

ಕೆಲಸವೆಲ್ಲ ಮುಗಿದ ಮೇಲೆ, ಗೀಸರ್ ಹಾಕಿಸಿ, ಮೊದಲು ನನ್ನ ಟೆಸ್ಟರ್ ಇಟ್ಟು ನೋಡಿ, ಆಮೇಲೆ ನಾನೇ ಕೊಳಾಯಿ ಮುಟ್ಟಿ, ಕೊನೆಗೆ ಅಕ್ಕನಿಗೆ ಮುಟ್ಟಲು ಹೇಳಿದೆ. ಅವಳು ಒಂದು ಬೆರಳು ಇಟ್ಟಳು, ಆಮೇಲೆ ಇಡೀ ಕೈಯಿಟ್ಟಳು, ನನ್ನ ಕಡೆ ತಿರುಗಿ ನಕ್ಕಳು. ಜುಮ್ಮೆನ್ನಲಿಲ್ಲ. ಇಷ್ಟು ದಿನದ ನನ್ನ ಓಡಾಟ ಸಾರ್ಥಕವಾಯಿತು ಅಂತ ನಾನು ಭಾವನ ಮುಖ ನೋಡಿದೆ. ಅವರೂ ಬಹಳ ಸಂತೋಷದಲ್ಲಿದ್ದರು.

"ಯೋಳಿದ್ನಲ್ಲ" ಅಂದರು. "ಆ ಡಾಕ್ಟ್ರ ಮಾತ್ರೆ ನಿಧಾನಕ್ಕೆ ಇಡೀತದೆ ಅಂತ."